ಅರವತ್ತಕ್ಕೆ ಅಂಜಿದ ಮೀಟರು

ನಮ್ಮಪ್ಪನ ಪದ್ಮಿನಿ 59,999ಕ್ಕೆ ಬಂದು ನಿಂತು ಮೂರು ವರ್ಷವಾಗಿತ್ತು. ಕಾರಲ್ಲ, ಮೀಟರು. ಕಾರೇನೋ ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು ಹೋಗಿಬರುತ್ತಲೇ ಇತ್ತು. ಲೆಕ್ಕದ ಪ್ರಕಾರ ಮನೆ ಮುಂದಿನಿಂದ ಕದಲಿರಲಿಲ್ಲ. ಆಗಷ್ಟೇ ಅರವತ್ತು ದಾಟಿದ್ದ ಅಪ್ಪನಿಗೆ ಅದರ ಮೇಲೆ ಸಣ್ಣ ಹೊಟ್ಟೆಕಿಚ್ಚು.

“ಕೇಬಲ್ ಹೋಗೈತಿ ಸಾರ್” ಅಂದ ನಮ್ಮ ಓಣಿಯ ಮೆಕ್ಯಾನಿಕ್. ಕೇಬಲ್ ಹೋಗಿದ್ದರೆ ಸ್ಪೀಡಿನ ಮುಳ್ಳೂ ಮಲಗಬೇಕಿತ್ತಲ್ಲ! ಅದು ಕುಣಿಯುತ್ತಲೇ ಇತ್ತು.

ಕೊನೆಗೆ ಹರಿಹರದ ಅಜ್ಜನೊಬ್ಬರ ಹತ್ತಿರ ಹೋದೆವು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಕಾರ್ಖಾನೆ ನಿಂತಿತು, ಅಜ್ಜನ ಕೈ ನಿಂತಿಲ್ಲ. ಮೀಟರು ಬಿಚ್ಚಿ ಕಣ್ಣಿನ ಹತ್ತಿರ ಹಿಡಿದರು. ಗ್ರೀಸು ಒಣಗಿ ಹಳೇ ಬೆಲ್ಲವಾಗಿತ್ತು. ಕಡಲೆಬೇಳೆ ಗಾತ್ರದ ಹಲ್ಲುಚಕ್ರವೊಂದು ಕಡ್ಡಿಯ ಮೇಲೆ ಸುಮ್ಮನೆ ಜಾರುತ್ತಿತ್ತು.

“ಒಂಬತ್ತೆಲ್ಲಾ ಒಟ್ಟಿಗೆ ಸೇರಿದ್ರೆ ಐದೂ ಚಕ್ರ ಒಮ್ಮೆಲೇ ಹೊರಳಬೇಕು ತಮ್ಮಾ. ಆವಾಗ್ಲೇ ಭಾರ ಜಾಸ್ತಿ.”

ನಾನು ಉತ್ಸಾಹದಿಂದ ಸೀಮೆಎಣ್ಣೆ ಬಾಟ್ಲಿ ಎತ್ತಿದೆ. “ಏಯ್, ಅಂಕಿ ಅಳಿಸಿ ಹೋಗ್ತಾವೆ, ಇಡು ಕೆಳಗೆ!” ಹತ್ತಿ ಸುತ್ತಿದ ಕಡ್ಡಿಯಲ್ಲಿ ಹಲ್ಲುಹಲ್ಲಿನ ಸಂದಿಯನ್ನೂ ಒರೆಸಿದರು, ಅರದಿಂದ ಮೀಟರಿನ ಕಡ್ಡಿಗೆ ನಾಲ್ಕು ಗೀರು ಹಾಕಿ ಚಕ್ರ ಕೂರಿಸಿದರು. ಕೂಲಿ ಕೇಳಿದರೆ, “ಒಂದು ಚಾ ಕುಡಿಸ್ರಿ.”

ವಾಪಸ್ ಬರುವಾಗ ಮೂವರಲ್ಲಿ ಒಬ್ಬರೂ ರಸ್ತೆ ನೋಡಲಿಲ್ಲ, ಅಪ್ಪನೂ ಸೇರಿ. ಊರು ದಾಟುವ ಮೊದಲೇ ಐದೂ ಚಕ್ರ ನಿಧಾನಕ್ಕೆ ಹೊರಳಿದವು: 60,000. ಹಿಂದಿನ ಸೀಟಿನಿಂದ ಅಮ್ಮ ಕೇಳಿದಳು: “ಇದಕ್ಕೂ ಶಾಂತಿ ಮಾಡಿಸಬೇಕೇನ್ರೀ?”

ಅಪ್ಪ ಮಾತಾಡದೆ ಕಾರನ್ನು ಸೀದಾ ಬೆಣ್ಣೆ ದೋಸೆ ಹೋಟೆಲಿನ ಮುಂದೆ ನಿಲ್ಲಿಸಿದರು.