ಯೂರಿಕ್ಕಪ್ಪನವರ ಹೆಬ್ಬೆರಳು

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಪಾರ್ಕಿನ ಕಲ್ಲುಬೆಂಚಿನ ಬಳಗ ಮಾತ್ರ ಅವರನ್ನು ಯೂರಿಕ್ಕಪ್ಪನವರು ಎಂದೇ ಕರೆಯುತ್ತದೆ. ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನಿವೃತ್ತಿಯ ಆಸುಪಾಸಿನ ವಯಸ್ಸು, ಎಡಗಾಲಿಗೆ ಬೂಟು, ಬಲಗಾಲಿಗೆ ಹವಾಯಿ ಚಪ್ಪಲಿ, ಜೇಬಿನಲ್ಲಿ ನಾಲ್ಕು ಮಡಿಕೆಯ ಲ್ಯಾಬ್ ರಿಪೋರ್ಟು. ಉಳಿದವರು ಮೊಮ್ಮಕ್ಕಳ ಫೋಟೋ ತೋರಿಸುವ ಹೊತ್ತಿಗೆ ಇವರು ರಿಪೋರ್ಟು ಬಿಚ್ಚುತ್ತಾರೆ. "ಒಂಬತ್ತು ಪಾಯಿಂಟ್ ಎರಡು ಸಾರ್!" ಎನ್ನುವಾಗ ದನಿಯಲ್ಲಿ ಮಗನಿಗೆ ರ‍್ಯಾಂಕ್ ಬಂದಷ್ಟು ಸಡಗರ.

ಬೀಗರ ಔತಣ ಉಂಡು ಬಂದ ರಾತ್ರಿ ಶುರುವಾದದ್ದು ಇದು. ನಡುರಾತ್ರಿ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದ್ದ ದುಪ್ಪಟಿ ತಾಗಿದರೂ ಪ್ರಾಣ ಹೋಗುವಂತಾಯಿತು. ಚೇಳು ಕಡಿಯಿತೆಂದು ಮನೆಯವರೆಲ್ಲ ಸೇರಿ ಹಾಸಿಗೆ ಕೊಡವಿದರು. ಚೇಳು ಇದ್ದದ್ದು ಕೀಲಿನೊಳಗೆ. ರಕ್ತದಲ್ಲಿ ಯೂರಿಕ್ ಆಮ್ಲ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿತೆಂದರೆ ಕರಗದೆ ಉಳಿದು, ಚೂಪು ಹರಳಾಗಿ ಕೀಲಿನಲ್ಲಿ ಕೂತುಬಿಡಬಹುದು. ಮೈಯ ತುದಿಯಲ್ಲಿ ತಣ್ಣಗಿರುವ ಹೆಬ್ಬೆರಳೆಂದರೆ ಅದಕ್ಕೆ ಬಲು ಪ್ರೀತಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ಗೂ ಗೌಟು ಎಂಬ ಇದೇ ಬೇನೆ ಕಾಡುತ್ತಿತ್ತು, 1780ರಲ್ಲಿ ಆತ ಅದರ ಜೊತೆ ಜಗಳವಾಡುವ ಸಂಭಾಷಣೆಯನ್ನೇ ಬರೆದ ಎಂದು ಮೊಮ್ಮಗ ಓದಿ ಹೇಳಿದ ಮೇಲಂತೂ ಯೂರಿಕ್ಕಪ್ಪನವರ ಕುಂಟು ನಡಿಗೆಗೆ ಒಂದು ಗತ್ತೇ ಬಂತು.

ಮರುದಿನದಿಂದ ಅಡುಗೆಮನೆಯಲ್ಲಿ ತುರ್ತುಪರಿಸ್ಥಿತಿ. ತೊಗರಿಬೇಳೆ ಗಡೀಪಾರು. ಪಾಲಕ್, ಹೂಕೋಸು, ಅಣಬೆ, ಕೊನೆಗೆ ಅವರೆಕಾಳು ಸಹ ಪಟ್ಟಿಗೆ ಬಿತ್ತು. (ಮಾಗಿಯಲ್ಲಿ ಅವರೆಕಾಳು ಬಿಟ್ಟ ಮೈಸೂರಿನವನಿಗೆ ಕಾವಿ ಉಡುವುದೊಂದೇ ಬಾಕಿ.) ಮುದ್ದೆಗೆ ಯಾವ ಸಾರು ಮಾಡುವುದೆಂದು ತಿಳಿಯದೆ ಹೆಂಡತಿ ಕಂಗಾಲು. ಭಾನುವಾರದ ಬೋಟಿ ಗೊಜ್ಜು, ಲಿವರ್ ಫ್ರೈಗಳಿಗೆ ಮಾತ್ರ ಯಾವ ಅಡ್ಡಿಯೂ ಬರಲಿಲ್ಲ.

"ರೀ, ಬೇಳೆ ಬಿಟ್ಟು ಬೋಟಿ ಹಿಡ್ಕೊಂಡಿದ್ದೀರಲ್ಲ?"

"ಡಾಕ್ಟ್ರು ಮಾಂಸ ಬ್ಯಾಡ ಅಂದ್ರು ಕಣೇ. ಬೋಟಿ ಹೆಂಗೆ ಮಾಂಸ ಆಯ್ತದೆ?"

ಸಂಜೆಯ ಬಿಯರಿಗೂ ವಾದ ಸಿದ್ಧವಿತ್ತು: "ನೀರು ಜಾಸ್ತಿ ಕುಡೀರಿ ಅಂತ ಅವರೇ ಹೇಳಿಲ್ವಾ?"

ಗಡೀಪಾರಾದ ಬೇಳೆಕಾಳು, ಸೊಪ್ಪುಗಳು ಪಾಪ, ನಿರಪರಾಧಿಗಳು. ಅಮೆರಿಕದಲ್ಲಿ ನಲವತ್ತೇಳು ಸಾವಿರಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗೌಟಿನ ಅಪಾಯ ಹೆಚ್ಚು ಕಂಡದ್ದು ಮಾಂಸ, ಮೀನು ಹೆಚ್ಚು ತಿಂದವರಲ್ಲಿ. ಮೈಯೊಳಗೆ ಯೂರಿಕ್ ಆಮ್ಲವಾಗುವ ಪ್ಯೂರಿನ್ ಇರುವ ತರಕಾರಿ ತಿಂದವರಲ್ಲಿ ಅಲ್ಲ. ಹಾಲು, ಮಜ್ಜಿಗೆಯ ಬಳಗ ಅಪಾಯವನ್ನು ಇಳಿಸುವಂತೆಯೇ ಕಂಡಿತು. ಬಿಯರು, ಸಕ್ಕರೆ ತುಂಬಿದ ತಂಪು ಪಾನೀಯಗಳು ಪಕ್ಕಾ ಆರೋಪಿಗಳು. ಇಷ್ಟಾಗಿಯೂ, ಎಷ್ಟೇ ಕಟ್ಟುನಿಟ್ಟಿನ ಪಥ್ಯ ಮಾಡಿದರೂ ಸಾಮಾನ್ಯವಾಗಿ ಇಳಿಯುವುದು ಒಂದು ಮಿಲಿಗ್ರಾಂ ಆಸುಪಾಸು. ಏಕೆಂದರೆ ಯೂರಿಕ್ ಆಮ್ಲದ ಹೆಚ್ಚಿನ ಪಾಲು ತಟ್ಟೆಯಿಂದ ಬರುವುದಿಲ್ಲ, ಮೈಯೇ ತಯಾರಿಸುತ್ತದೆ. ಹೊರಹಾಕಬೇಕಾದ ಮೂತ್ರಪಿಂಡ ಸೋಮಾರಿಯಾಗಿದ್ದರೆ ಒಳಗೇ ಉಳಿಯುತ್ತದೆ. 9.2ರಲ್ಲಿ ಕೂತವರು ವೈದ್ಯರು ಬಯಸುವ 6ರ ಕೆಳಗೆ ಬರಬೇಕಾದರೆ ಮಾತ್ರೆಯೇ ಬೇಕು.

ವೈದ್ಯರು ಕೊಟ್ಟಿದ್ದರು. ಊತ ಇಳಿಸಲು ಕಾಲ್ಚಿಸಿನ್, ಆಮೇಲೆ ದಿನಾ ಅಲೋಪ್ಯುರಿನಾಲ್, ಮೊದಲಿಗೆ 100 ಮಿಲಿಗ್ರಾಂ. ಈ ಅಲೋಪ್ಯುರಿನಾಲ್ ಹುಟ್ಟಿದ್ದು ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರ ಪ್ರಯೋಗಶಾಲೆಯಲ್ಲಿ. ಇಬ್ಬರಿಗೂ 1988ರಲ್ಲಿ ನೊಬೆಲ್ ಬಂತು, ಯೂರಿಕ್ಕಪ್ಪನವರಿಗೆ ನಂಬಿಕೆ ಬರಲಿಲ್ಲ. ನೋವು ಹೋದೊಡನೆ "ಸುಮ್ನೆ ಯಾಕೆ ಕೆಮಿಕಲ್ಲು?" ಎಂದು ಡಬ್ಬಿ ಮುಚ್ಚಿದರು. ಮತ್ತೆ ಬೆರಳು ಊದಿದಾಗ ಮಾತ್ರೆ ಶುರು. ಶುರುವಾದ ಕೆಲವೇ ವಾರದಲ್ಲಿ ಇನ್ನೊಂದು ನೋವು. "ನೋಡಿದ್ರಾ, ಮಾತ್ರೆಯಿಂದಲೇ ಬಂತು!" ಹಳೆಯ ಹರಳು ಕರಗತೊಡಗಿದಾಗ ಮೊದಮೊದಲು ಹೀಗೆ ಕೆರಳುವುದುಂಟು, ಬಿಡಬೇಡಿ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಮೈಮೇಲೆ ದದ್ದು ಎದ್ದರೆ ಮಾತ್ರ ಕೂಡಲೇ ನಿಲ್ಲಿಸಿ ಬನ್ನಿ ಎಂದೂ ಹೇಳಿದ್ದರು. ಆ ಹೊತ್ತಿನಲ್ಲಿ ಇವರು ಪಕ್ಕದ ಕುರ್ಚಿಯವರ ರಿಪೋರ್ಟು ಓದುತ್ತಿದ್ದರು.

ಕೊನೆಗೆ ಅಧಿಕಾರ ಹೆಂಡತಿಯ ಕೈಗೆ ಹೋಯಿತು. ಬೆಳಗಿನ ತಿಂಡಿ ತಟ್ಟೆಯಲ್ಲೇ ಮಾತ್ರೆ. ನುಂಗಿದರೆ ಮಾತ್ರ ಕಾಫಿ. ತೊಗರಿಬೇಳೆ ಸಾರು ವಾಪಸು ಬಂತು, ಬೋಟಿ ಹಬ್ಬಕ್ಕೂ ಇಲ್ಲವಾಯಿತು. ಪ್ರಮಾಣ ಏರಿಸುತ್ತ ಹೋದ ವೈದ್ಯರು ಈಚಿನ ರಿಪೋರ್ಟಿನಲ್ಲಿ 5.6 ನೋಡಿ ನಕ್ಕರಂತೆ.

ಯೂರಿಕ್ಕಪ್ಪನವರು ಈಗ ಎರಡೂ ಕಾಲಿಗೆ ಬೂಟು ಹಾಕಿ ಬಂದು, ಎಲ್ಲ ಗರಿಕೆ ರಸದ ಮಹಿಮೆ ಎಂದು ಬೆಂಚಿನ ಮೇಲೆ ಸಾರುತ್ತಿದ್ದಾರೆ. ಕೇಳಿದವರು ಗರಿಕೆ ಕೀಳಲು ಹೊರಡುವ ಮುನ್ನ ಅವರ ಹೆಂಡತಿಯನ್ನೊಮ್ಮೆ ವಿಚಾರಿಸಿ, ಆಮೇಲೆ ನೇರ ವೈದ್ಯರ ಹತ್ತಿರ ಹೋಗುವುದು ಒಳ್ಳೆಯದು.