ಮೊದಲು ಬೀಗ, ಆಮೇಲೆ ತನಿಖೆ

ಕುಂದಲಹಳ್ಳಿಯ ಬಾಡಿಗೆ ಮನೆಯ ಹಾಲ್‌ನಲ್ಲಿ ಬಟ್ಟೆಚೀಲ ಹೊಲಿಸಿ ಆನ್‌ಲೈನ್‌ನಲ್ಲಿ ಮಾರಬೇಕೆನ್ನುವವರಿಗೆ ಒಂದು ಕಿವಿಮಾತು: ಮೊದಲು ಸ್ವಂತ ಮನೆ ಕೊಂಡುಕೊಳ್ಳಿ. ಒಂದು ಬೆಳಿಗ್ಗೆ ಸೆಲ್ಲರ್ ಅಕೌಂಟ್ ಸಸ್ಪೆಂಡ್ ಆದಾಗ, ವಿಳಾಸಕ್ಕೆ ಪುರಾವೆಯಾಗಿ ನಿಮ್ಮದೇ ಹೆಸರಿನ ಕರೆಂಟ್ ಬಿಲ್ ಕೇಳಬಹುದು. ಬೆಸ್ಕಾಂ ಬಿಲ್ಲಿನಲ್ಲಿ ಇರುವುದು ಓನರ್ ಹೆಸರು. ಬಾಡಿಗೆ ಕರಾರು ಕಳಿಸಿದರೆ, ಬಟನ್ನಿನಿಂದ ಬೆರಳು ತೆಗೆಯುವುದರೊಳಗೆ ‘ದಾಖಲೆ ಸರಿಯಿಲ್ಲ’ ಎಂಬ ಉತ್ತರ ಹಾಜರು.

ಬಿಲ್ಲಿನ ಗಂಡಾಂತರ ದಾಟಿದವರು ‘ಪ್ಲಾನ್ ಆಫ್ ಆಕ್ಷನ್’ ಬರೆಯಬೇಕು. ತಪ್ಪಿನ ಮೂಲವೇನು, ಹೇಗೆ ತಿದ್ದಿಕೊಂಡಿರಿ, ಮುಂದೆ ಮರುಕಳಿಸದಂತೆ ಏನು ಮಾಡುತ್ತೀರಿ, ಎಲ್ಲವನ್ನೂ ವಿವರಿಸಬೇಕು. ಯಾವ ತಪ್ಪು ಎಂದು ಮಾತ್ರ ಕೇಳಬಾರದು. ಅಲ್ಲಿಯವರೆಗೆ ದುಡ್ಡು ಆನ್‌ಲೈನ್ ಕಂಪನಿಯ ಬಳಿ, ಸರಕು ಅದರ ಗೋದಾಮಿನಲ್ಲಿ. ಚಿಂತೆಯಷ್ಟೇ ನಿಮಗೆ ಹೋಮ್ ಡೆಲಿವರಿ. ಸುತ್ತ ಐಟಿ ಕಟ್ಟಡಗಳಿಗೆ ಬರವಿಲ್ಲ, ತಟ್ಟಲು ಒಂದು ಬಾಗಿಲಿಲ್ಲ. ಲಂಚ ಕೊಡೋಣವೆಂದರೂ ಮೇಜಿಲ್ಲ, ಮೇಜಿನಡಿ ಕೈಯಿಲ್ಲ.

ಕಾನೂನಿದೆಯಲ್ಲ ಎನ್ನುತ್ತೀರಾ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಕಂಪನಿಗೂ ಒಬ್ಬ ದೂರು ಅಧಿಕಾರಿ ಇರಬೇಕು. 48 ಗಂಟೆಯೊಳಗೆ ಸ್ವೀಕೃತಿ, ತಿಂಗಳೊಳಗೆ ಪರಿಹಾರ ಕೊಡಬೇಕು. ಹಿಗ್ಗಬೇಡಿ, ಆ ಗಡುವು ಗ್ರಾಹಕರ ದೂರಿಗೆ. ಒಂದು ಚೀಲ ಕೊಂಡವರಿಗೆ ಅಧಿಕಾರಿ, ಸಾವಿರ ಚೀಲ ಮಾರಿದವರಿಗೆ ಬಾಟ್.

ಇನ್ನು ದೊಡ್ಡವರ ಕಥೆ. 2020ರ ಜನವರಿಯಲ್ಲಿ, ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಕೆಲವೇ ಮಾರಾಟಗಾರರಿಗೆ ಒಲವು ತೋರುತ್ತವೆ ಎಂಬ ದೂರಿನ ಮೇಲೆ ಸ್ಪರ್ಧಾ ಆಯೋಗ ತನಿಖೆಗೆ ಆದೇಶಿಸಿತು. ಯಾರ ಅಂಗಡಿಗೂ ಬೀಗ ಬೀಳಲಿಲ್ಲ, ಬರೀ ತನಿಖೆ. ಅದಕ್ಕೂ ಆಧಾರ ಸಾಲದೆಂದು ಕಂಪನಿಗಳು ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿದವು. ಫೆಬ್ರುವರಿಯಲ್ಲಿ ತಡೆಯಾಜ್ಞೆ ಸಿಕ್ಕಿತು. 2021ರ ಜೂನ್‌ನಲ್ಲಿ ಅರ್ಜಿ ವಜಾ. ಜುಲೈನಲ್ಲಿ ವಿಭಾಗೀಯ ಪೀಠದಲ್ಲೂ ಸೋಲು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ತನಿಖೆ ತಡೆಯಲು ಒಪ್ಪಲಿಲ್ಲ. ಮೂರು ಮೆಟ್ಟಿಲು, ಮೂರು ಕಡೆ ಲಿಖಿತ ಆದೇಶ, ಎಲ್ಲೆಡೆ ಮಾತು ಕೇಳಿಸಿಕೊಳ್ಳುವ ಮನುಷ್ಯರು! ಚೀಲ ಮಾರುವವರಿಗೆ ಇದರಲ್ಲಿ ಒಂದೂ ಇಲ್ಲ.

ಯುರೋಪಿನಲ್ಲಿ 2020ರ ಜುಲೈನಿಂದ ಅಕೌಂಟ್ ಅಮಾನತಿಗೆ ಲಿಖಿತ ಕಾರಣ ಕೊಡಬೇಕು; ಪೂರ್ತಿ ಮುಚ್ಚುವುದಾದರೆ ಸಾಮಾನ್ಯವಾಗಿ 30 ದಿನ ಮುಂಚೆ ತಿಳಿಸಬೇಕು. ನಮ್ಮ ಕೇಂದ್ರ ಸರ್ಕಾರ ಅಷ್ಟೆಲ್ಲ ಕಷ್ಟಪಡಬೇಕಿಲ್ಲ. 48 ಗಂಟೆಯ ಆ ನಿಯಮದಲ್ಲಿ ಗ್ರಾಹಕರ ಪಕ್ಕ ಮಾರಾಟಗಾರರನ್ನೂ ಸೇರಿಸಲಿ, ಸಾಕು.