ಕಲ್ಲು ನುಂಗಿದ ನಾಯಕಿ, ಹಕ್ಕು ಕೇಳಿದ ಕೋಳಿ

ಫಿಲಿಪ್ಪೀನ್ಸ್‌ನ ಸ್ವತಂತ್ರ ಕಾಮಿಕ್ಸ್ ಅಂತರ್ಜಾಲದಲ್ಲಿ ಕಣ್ಣಿಗೆ ಬಿದ್ದರೆ ಆ ರಾತ್ರಿಯ ನಿದ್ದೆ ಖೋತಾ. ಕಾರ್ಲೋ ವೆರ್ಗಾರಾ ಅವರ 'ಜಾಜಾ ಜಟುರ್ನಾ'ದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಸಲಿಂಗಿ ಅಡಾ, ಆಕಾಶದಿಂದ ಬಿದ್ದ ಕಲ್ಲು ನುಂಗಿ ಮಹಾಬಲೆಯಾಗಿಬಿಡುತ್ತಾನೆ. ಕಾಳಗ ಯಾರೊಂದಿಗೆ? ದೈತ್ಯ ಕಪ್ಪೆಯೊಂದಿಗೆ!

ಗೆರಿ ಅಲಾಂಗಿಲಾನ್ ಅವರ 'ಎಲ್ಮರ್' ಓದಿದರೆ ಭಾನುವಾರದ ಸಾರು ಗಂಟಲಲ್ಲಿ ಇಳಿಯುವುದು ಕಷ್ಟ. ಅಲ್ಲಿ ಕೋಳಿಗಳಿಗೆ ಬುದ್ಧಿ, ಮಾತು ಎರಡೂ ಬಂದು, ಮನುಷ್ಯರ ಸಮಕ್ಕೆ ಹಕ್ಕು ಕೇಳುತ್ತವೆ. ನಗುತ್ತ ಶುರುಮಾಡಿದವರು ಅರ್ಧಕ್ಕೇ ಗಂಭೀರರಾಗುತ್ತಾರೆ.

'ಟ್ರೇಸೆ'ಯದು ಇನ್ನೊಂದು ಮಜ. 2005ರಲ್ಲಿ ಬಜೆಟ್ ಟಾನ್, ಕಾಜೊ ಬಾಲ್ಡಿಸಿಮೊ ಜೋಡಿ ಅದನ್ನು ಜೆರಾಕ್ಸ್ ಮಾಡಿಸಿಯೇ ಹಂಚಲು ಶುರುಮಾಡಿತು. ಮನಿಲಾದ ಕತ್ತಲಲ್ಲಿ ಅಸ್ವಾಂಗ್ ಪಿಶಾಚಿಗಳ ಕೇಸು ಬಿಡಿಸುತ್ತಿದ್ದ ಅದರ ನಾಯಕಿ ಅಲೆಕ್ಸಾಂಡ್ರಾ 2021ರಲ್ಲಿ ನೆಟ್‌ಫ್ಲಿಕ್ಸ್ ಏರಿದಳು. ಜೊತೆಗೆ ಪಿಶಾಚಿಗಳಿಗೂ ಪುಕ್ಕಟೆ ವಿಶ್ವಪರ್ಯಟನೆ.